ಆಪರೇಷನ್ ಇಲ್ಲದೆ ಪರ್ಮನೆಂಟ್ ಆಗುತ್ತಾ? ಮಲೆನಾಡಿನ ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಗರ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕಿ. ಊರವರಿಗೆ ಸಿಸ್ಟರ್. ಅಡಿಕೆ ಸುಲಿಯುವ ಕಾಲದಲ್ಲಿ ಸಂಜೆ ಯಾರದಾದರೂ ಮನೆ ಚಪ್ಪರದಡಿ ಹೋಗಿ ಕೂತರೆ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಹಿಡಿದು ಕೂತಿರುತ್ತಾರೆ. ಗಂಡಸರು ಕಾಫಿಗೆ ಅಂತ ಒಳಗೆ ಹೋದ ಕೂಡಲೇ ಮಾತು ಮಕ್ಕಳಾಗದಂತೆ ತಡೆಯುವ ವಿಷಯಕ್ಕೆ ಬರುತ್ತದೆ. ವರ್ಷಗಳಿಂದ ಅದೇ ಪ್ರಶ್ನೆಗಳು. ಅಲ್ಲಿ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹೊಟ್ಟೆ ಕೊಯ್ಯದೆ, ಒಂದೇ ಸಲಕ್ಕೆ, ಇನ್ನು ಮಕ್ಕಳೇ ಆಗದಂತೆ ಮಾಡುವ ವಿಧಾನ ಹೆಂಗಸರಿಗೆ ಇದೆಯಾ?

ಇಲ್ಲ. ಶಿವಮೊಗ್ಗದಲ್ಲೂ ಇಲ್ಲ, ಬೆಂಗಳೂರು ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲೂ ಇಲ್ಲ. ಹೊರದೇಶದಲ್ಲಿ ಇದ್ದದ್ದನ್ನು ವಾಪಸ್ ತೆಗೆದರು. ಯಾರಾದರೂ "ಒಂದು ಇಂಜೆಕ್ಷನ್ನಲ್ಲಿ ಪರ್ಮನೆಂಟ್ ಮಾಡಿಕೊಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಆದರೆ ಆಪರೇಷನ್ ಇಲ್ಲದೆ ಹತ್ತು ವರ್ಷ ನಿಶ್ಚಿಂತೆಯಿಂದ ಇರುವ ದಾರಿ ಖಂಡಿತ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊಬೈಲಿನಲ್ಲಿ ನೋಡಿದೆ, ಟ್ಯೂಬಿನೊಳಗೆ ಸಣ್ಣ ಸ್ಪ್ರಿಂಗ್ ಇಡ್ತಾರಂತೆ. ಕೊಯ್ಯೋದೇ ಇಲ್ಲವಂತೆ?

ಅದರ ಹೆಸರು ಎಶ್ಯೂರ್. ನೀವು ನೋಡಿದ್ದು ಹಳೇ ವಿಡಿಯೋ.

ನಾಲ್ಕು ಸೆಂಟಿಮೀಟರಿನಷ್ಟು ಉದ್ದದ, ದಾರದಷ್ಟು ಸಪೂರದ ಸುರುಳಿ ಅದು. ನಿಕ್ಕಲ್ ಮತ್ತು ಟೈಟಾನಿಯಂ ಸೇರಿಸಿದ ಲೋಹ, ಒಳಗೆ ಪಾಲಿಯೆಸ್ಟರ್ ಎಳೆಗಳು. ಯೋನಿಯ ದಾರಿಯಲ್ಲಿ ಸಣ್ಣ ಕ್ಯಾಮೆರಾ ಹಾಕಿ, ಗರ್ಭಕೋಶದೊಳಗಿಂದ, ಅಂಡ ಬರುವ ಎರಡೂ ಟ್ಯೂಬಿಗೆ ಒಂದೊಂದು ಸುರುಳಿ ತೂರಿಸುತ್ತಿದ್ದರು. ಆ ಎಳೆಗಳ ಸುತ್ತ ಮಾಂಸ ಬೆಳೆದು, ಮೂರು ತಿಂಗಳಲ್ಲಿ ಟ್ಯೂಬ್ ಮುಚ್ಚಿಕೊಳ್ಳಬೇಕು. ಆಮೇಲೆ ಎಕ್ಸ್‌ರೇ ತೆಗೆದು ಮುಚ್ಚಿದೆಯಾ ಅಂತ ನೋಡಬೇಕು. ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ ಬಳಸಲೇಬೇಕು.

ಅಮೆರಿಕದಲ್ಲಿ 2002ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಹೊಲಿಗೆ ಇಲ್ಲ, ಪೂರ್ತಿ ಅರಿವಳಿಕೆ ಬೇಕಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಜಗತ್ತಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಹೆಂಗಸರು ಹಾಕಿಸಿಕೊಂಡರು. ಆಮೇಲೆ ದೂರುಗಳು ಶುರುವಾದವು. ಬಿಡದ ಕಿಬ್ಬೊಟ್ಟೆ ನೋವು, ವಿಪರೀತ ರಕ್ತಸ್ರಾವ, ನಿಕ್ಕಲ್ ಅಲರ್ಜಿ. ಕೆಲವರಲ್ಲಿ ಸುರುಳಿ ಟ್ಯೂಬನ್ನೋ ಗರ್ಭಕೋಶವನ್ನೋ ತೂತು ಮಾಡಿತು, ಜಾಗ ಬಿಟ್ಟು ಸರಿಯಿತು. ಕೆಲವರು ಬಸುರಾದರು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಲೇಬಲ್ಲಿನಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ತಯಾರಿಸುತ್ತಿದ್ದ ಬೇಯರ್ ಕಂಪನಿ 2017ರಲ್ಲಿ ಬೇರೆ ದೇಶಗಳಲ್ಲಿ, 2018ರ ಕೊನೆಗೆ ಅಮೆರಿಕದಲ್ಲೂ ಮಾರಾಟ ನಿಲ್ಲಿಸಿತು. ಮೊಕದ್ದಮೆ ಹೂಡಿದ ಸುಮಾರು 39,000 ಹೆಂಗಸರಲ್ಲಿ ಬಹುಪಾಲು ಜನರ ಜೊತೆ ಇತ್ಯರ್ಥ ಮಾಡಿಕೊಳ್ಳಲು 2020ರಲ್ಲಿ 160 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ನನಗೆ ಇದರಲ್ಲಿ ತುಂಬಾ ಸಂಕಟ ಆಗುವ ಸಂಗತಿ ಒಂದಿದೆ. ಕೊಯ್ಯದೆ ಒಳಗೆ ಇಟ್ಟ ಆ ಸುರುಳಿಯನ್ನು ಹೊರಗೆ ತೆಗೆಯಲು ಕೊಯ್ಯಲೇಬೇಕಾಯಿತು. ಟ್ಯೂಬ್ ಸಮೇತ ತೆಗೆದರು, ಕೆಲವರಿಗೆ ಗರ್ಭಕೋಶವನ್ನೇ ತೆಗೆದರು. ಆಪರೇಷನ್ನಿಗೆ ಹೆದರಿ ಹೋದವರು ಅದಕ್ಕಿಂತ ದೊಡ್ಡ ಆಪರೇಷನ್ ಮಾಡಿಸಿಕೊಂಡು ಬಂದರು. ಹಾಗಾಗಿ ಏನನ್ನೇ ಒಳಗೆ ಹಾಕಿಸಿಕೊಳ್ಳುವ ಮೊದಲು "ಬೇಡ ಅನಿಸಿದರೆ ಇದನ್ನು ಹೇಗೆ ತೆಗೀತೀರಿ?" ಅಂತ ಕೇಳಿ. ಹೇಗೆ ಹಾಕುತ್ತಾರೆ ಅನ್ನುವುದಕ್ಕಿಂತ ಅದು ಮುಖ್ಯ.

ನಮ್ಮ ಸರ್ಕಾರಿ ಆಸ್ಪತ್ರೆಗಳ ಕುಟುಂಬ ಯೋಜನೆಯಲ್ಲಿ ಎಶ್ಯೂರ್ ಯಾವತ್ತೂ ಇರಲಿಲ್ಲ.

ಹಿಂದೆ ಮಾತ್ರೆ ಒಳಗಿಟ್ಟು ಟ್ಯೂಬ್ ಮುಚ್ಚುತ್ತಿದ್ದರು ಅಂತ ನಮ್ಮತ್ತೆ ಹೇಳ್ತಾರೆ. ಅದು ಈಗ ಸಿಗುತ್ತಾ?

ಅದು ಕ್ವಿನಾಕ್ರಿನ್. ಸಿಗುವುದಿಲ್ಲ, ಸಿಗಲೂಬಾರದು.

ಮೂಲದಲ್ಲಿ ಅದು ಮಲೇರಿಯಾ ಔಷಧ. ಅಜ್ಜ ಅಜ್ಜಿಯರ ಕಾಲದಲ್ಲಿ ಮಲೆನಾಡಿನ ಊರೂರನ್ನೇ ಚಳಿಜ್ವರ ಖಾಲಿ ಮಾಡಿದ ಕತೆ ನಿಮಗೆಲ್ಲ ಗೊತ್ತು. ಆ ಜಾತಿಯ ಮದ್ದನ್ನು ಸಣ್ಣ ಗುಳಿಗೆ ಮಾಡಿ ಗರ್ಭಕೋಶದೊಳಗೆ ಇಡುತ್ತಿದ್ದರು. ಅದು ಒಳಗೆ ಸುಟ್ಟ ಗಾಯದ ಹಾಗೆ ಮಾಡಿ, ಗಾಯ ಮಾಯುವಾಗ ಟ್ಯೂಬಿನ ಬಾಯಿ ಮುಚ್ಚುತ್ತದೆ ಅನ್ನುವುದು ಲೆಕ್ಕ. ಇದನ್ನು ಶುರು ಮಾಡಿದವರು ಚಿಲಿ ದೇಶದ ಡಾಕ್ಟರ್ ಹೈಮೆ ಸಿಪ್ಪರ್. ತಾಮ್ರ ಗರ್ಭ ನಿಲ್ಲದಂತೆ ಮಾಡುತ್ತದೆ ಅಂತ ಕಂಡುಕೊಂಡು, ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ (ನಾವು ವಂಕಿ ಅನ್ನುವುದು) ದಾರಿ ಮಾಡಿಕೊಟ್ಟವರೂ ಅವರೇ. ಒಬ್ಬರೇ ಡಾಕ್ಟರ ಎರಡು ಕೆಲಸಗಳಲ್ಲಿ ಒಂದು ಕೋಟ್ಯಂತರ ಹೆಂಗಸರಿಗೆ ಅನುಕೂಲ ಮಾಡಿತು, ಇನ್ನೊಂದು ನಿಷೇಧವಾಯಿತು.

ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಕೆಲವು ಡಾಕ್ಟರುಗಳು ಸರ್ಕಾರದ ಒಪ್ಪಿಗೆ ಇಲ್ಲದೆ, ಎಷ್ಟೋ ಸಲ ಹೆಂಗಸರಿಗೆ ಸರಿಯಾಗಿ ತಿಳಿಸದೆ ಇದನ್ನು ಬಳಸಿದರು. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1998ರಲ್ಲಿ ನಿಷೇಧವಾಯಿತು. ಅಂಥ ಒಪ್ಪಿಗೆ ಇಲ್ಲದ ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಬಡ ಹೆಂಗಸರ ಮೇಲೆ. ನೆನಪಿರಲಿ ಅಂತ ಹೇಳಿದೆ.

ಹೊಸದೇನೂ ಬರ್ತಿಲ್ವಾ?

ಟ್ಯೂಬಿನೊಳಗೆ ಅಂಟಿನಂಥ ದ್ರವ ಬಿಟ್ಟು ಮುಚ್ಚುವ ಫೆಮ್‌ಬ್ಲಾಕ್ ಅನ್ನುವ ವಿಧಾನವನ್ನು ಅಮೆರಿಕದ ಕಂಪನಿಯೊಂದು ತಯಾರಿಸಿದೆ. ಯುರೋಪಿನಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ, ನಮ್ಮಲ್ಲಿ ಸಿಗುವುದಿಲ್ಲ. ಅದಕ್ಕೆ ಕಾದು ಕೂರಬೇಡಿ. ಎಶ್ಯೂರಿನ ತೊಂದರೆಗಳು ಬೆಳಕಿಗೆ ಬರಲು ಹತ್ತು ಹದಿನೈದು ವರ್ಷ ಹಿಡಿದಿತ್ತು.

ಹಾಗಾದರೆ ನನಗೆ ಇಬ್ಬರು ಮಕ್ಕಳು, ವಯಸ್ಸು 37. ಆಪರೇಷನ್ ಬೇಡ. ನಾನೇನು ಮಾಡಲಿ?

ಮೊದಲು ಒಂದು ಲೆಕ್ಕ ಹಾಕೋಣ. "ಶಾಶ್ವತ" ಅಂದರೆ ನಿಮ್ಮ ಮಟ್ಟಿಗೆ ಎಷ್ಟು ವರ್ಷ? ಮುಟ್ಟು ನಿಲ್ಲುವವರೆಗೆ. ನಮ್ಮ ಕಡೆ ಹೆಚ್ಚಿನ ಹೆಂಗಸರಿಗೆ ನಲವತ್ತೈದರಿಂದ ಐವತ್ತರೊಳಗೆ ಮುಟ್ಟು ನಿಲ್ಲುತ್ತದೆ. 37ರಲ್ಲಿ ಇರುವವರಿಗೆ ಬೇಕಾಗಿರುವುದು ಹತ್ತು ಹನ್ನೆರಡು ವರ್ಷದ ರಕ್ಷಣೆ. ಕಾಪರ್-ಟಿ 380ಎ ಅನ್ನುವ ವಂಕಿ ಹತ್ತು ವರ್ಷ ಕೆಲಸ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾಕಲು ಕೆಲವೇ ನಿಮಿಷ, ತೆಗೆಯಲು ಅದಕ್ಕಿಂತ ಕಡಿಮೆ. ಹಾಕಿಸಿಕೊಂಡ ಮೊದಲ ವರ್ಷದಲ್ಲಿ ನೂರಕ್ಕೆ ಒಬ್ಬರೂ ಬಸುರಾಗುವುದಿಲ್ಲ. ಟ್ಯೂಬ್ ಆಪರೇಷನ್ನಿಗೆ ಹೆಚ್ಚು ಕಡಿಮೆ ಸಮ. ನಲವತ್ತು ದಾಟಿದ ಮೇಲೆ ಹಾಕಿಸಿಕೊಂಡರೆ ಮುಟ್ಟು ನಿಲ್ಲುವವರೆಗೂ ಅದೇ ಸಾಕು ಅಂತ ಇಂಗ್ಲೆಂಡಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ.

ಅಂದರೆ ನೀವು ಹುಡುಕುತ್ತಿರುವುದು ಎಷ್ಟೋ ವರ್ಷದಿಂದ ಇಲ್ಲೇ ಇದೆ. "ಶಾಶ್ವತ" ಅನ್ನುವ ಪದ ಅದರ ಮೇಲೆ ಬರೆದಿಲ್ಲ, ಅಷ್ಟೇ. 27 ವರ್ಷದವರಿಗೆ ಇದೇ ಲೆಕ್ಕ ಬೇರೆ ಬರುತ್ತದೆ. ಅವರಿಗೆ ಇಪ್ಪತ್ತು ವರ್ಷ ಬೇಕು, ನಡುವೆ ಒಂದು ಸಲ ಬದಲಾಯಿಸಬೇಕು. ಹಾಗಂತ 27ಕ್ಕೇ ಬಾಗಿಲು ಮುಚ್ಚಿಕೊಳ್ಳುವುದಕ್ಕಿಂತ ಅದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಮಗು ತೀರಿಕೊಂಡು, ಆಪರೇಷನ್ ಆದ ಟ್ಯೂಬನ್ನು ಮತ್ತೆ ಜೋಡಿಸಬಹುದಾ ಅಂತ ಕೇಳಿಕೊಂಡು ಬಂದ ತಾಯಂದಿರನ್ನು ನೋಡಿದ್ದೇನೆ. ಜೋಡಿಸುವ ಆಪರೇಷನ್ ಇದೆ, ಆದರೆ ಅದು ಎಲ್ಲರಿಗೂ ಫಲ ಕೊಡುವುದಿಲ್ಲ.

ವಂಕಿ ಎದೆಗೆ ಹತ್ತುತ್ತಂತೆ, ಹೊಟ್ಟೆಯೊಳಗೆ ಕಳೆದುಹೋಗುತ್ತಂತೆ. ನಿಜಾನಾ?

ಈ ಪ್ರಶ್ನೆ ಬಂದಾಗ ನಾನು ಬ್ಯಾಗಿನಿಂದ ಒಂದು ಕಾಪರ್-ಟಿ ತೆಗೆದು ಕೈಗೆ ಕೊಡುತ್ತೇನೆ. ಅಡಿಕೆ ಚೊಗರು ಹತ್ತಿ ಕಪ್ಪಾದ ಬೆರಳುಗಳಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬಿಳಿ ಪ್ಲಾಸ್ಟಿಕ್ಕಿನ ಇಂಗ್ಲಿಷ್ ಟಿ ಅಕ್ಷರ. ಉದ್ದ 36 ಮಿಲಿಮೀಟರ್, ಅಗಲ 32. ಕಾಂಡಕ್ಕೆ ತಾಮ್ರದ ತಂತಿ ಸುತ್ತಿದೆ, ಎರಡು ತೋಳಿಗೂ ತಾಮ್ರದ ಪುಟ್ಟ ಪಟ್ಟಿ. ತುದಿಯಲ್ಲಿ ಎರಡು ಸಪೂರ ದಾರ. ತೋಳು ಮಡಚಿದರೆ ಮಡಚುತ್ತದೆ, ಬಿಟ್ಟರೆ ತೆರೆದುಕೊಳ್ಳುತ್ತದೆ. "ಇಷ್ಟೇನಾ?" ಅನ್ನುತ್ತಾರೆ. ಒಬ್ಬ ಅಜ್ಜಿ ಅದನ್ನು ಅಂಗೈಲಿಟ್ಟು ತೂಗಿ ನೋಡಿ, "ಮೂಗುಬೊಟ್ಟಿನಷ್ಟೂ ಭಾರ ಇಲ್ವಲ್ಲೇ" ಅಂದಿದ್ದರು.

ಗರ್ಭಕೋಶ ಒಂದು ಚೀಲ. ಅಲ್ಲಿಂದ ಎದೆಗೆ ದಾರಿ ಇಲ್ಲ. ಆದರೆ ತೊಂದರೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ಹಾಕುವಾಗ ಗರ್ಭಕೋಶದ ಗೋಡೆಗೆ ತೂತಾಗಬಹುದು. ಕೆಲವರಿಗೆ ತಾನಾಗಿಯೇ ಜಾರಿ ಹೊರಗೆ ಬರುತ್ತದೆ, ಹೆರಿಗೆಯಾದ ಕೂಡಲೇ ಹಾಕಿದವರಲ್ಲಿ ಇದು ಸ್ವಲ್ಪ ಜಾಸ್ತಿ. ಅದಕ್ಕೇ ಮುಟ್ಟಾದ ಮೇಲೆ ತಿಂಗಳಿಗೊಮ್ಮೆ ಕೈ ತೊಳೆದು ದಾರ ಮುಟ್ಟಿ ನೋಡಿಕೊಳ್ಳಿ. ದಾರ ಸಿಗದಿದ್ದರೆ, ಮುಟ್ಟು ತಪ್ಪಿದರೆ, ಜ್ವರದ ಜೊತೆ ಕಿಬ್ಬೊಟ್ಟೆ ನೋವು ಬಂದರೆ, ವಾಸನೆಯ ಬಿಳಿಸೆರಗು ಹೋದರೆ ತಡ ಮಾಡದೆ ತೋರಿಸಿ.

ನನಗೆ ಕೇಳದೆ ಹೆರಿಗೆ ಟೇಬಲ್ಲಿನಲ್ಲೇ ವಂಕಿ ಹಾಕಿಬಿಟ್ಟಿದ್ದರು. ಇದು ಸರೀನಾ?

ಸರಿ ಅಲ್ಲ. ನನಗೂ ಹೀಗೇ ಆಗಿತ್ತು.

ಎರಡನೇ ಹೆರಿಗೆ ಆಗಿ, ಬಾಣಂತನಕ್ಕೆ ತವರಿಗೆ ಹೋಗಿದ್ದೆ. ನಲವತ್ತು ದಿನ ಕಳೆದ ಮೇಲೆ ಡಿಸ್ಚಾರ್ಜ್ ಚೀಟಿ ಬಿಡಿಸಿ ನೋಡಿದಾಗ ಕೊನೇ ಸಾಲಿನಲ್ಲಿ ಕಾಪರ್-ಟಿ ಹಾಕಿದೆ ಅಂತ ಬರೆದಿತ್ತು. ನಾನೇ ಈ ಕೆಲಸದಲ್ಲಿದ್ದವಳು. ಬೇರೆಯವರಿಗೆ ಅದನ್ನೇ ಹಾಕಲು ಸಹಾಯ ಮಾಡುತ್ತಿದ್ದವಳು. ಕೇಳಿದ್ದರೆ ಬಹುಶಃ ಹೂಂ ಅಂತಲೇ ಅನ್ನುತ್ತಿದ್ದೆ. ಆದರೆ ಕೇಳಲಿಲ್ಲ. ಅವತ್ತು ಅಮ್ಮನ ಮನೆ ಬಚ್ಚಲಲ್ಲಿ ನಿಂತು ಅತ್ತದ್ದು ನೆನಪಿದೆ. ನನ್ನ ಮೈ ಬಗ್ಗೆ ನನಗಿಂತ ಮೊದಲು ಆ ಚೀಟಿಗೆ ಗೊತ್ತಿತ್ತು ಅನ್ನುವುದೇ ನೋವು. ಅದನ್ನು ತೆಗೆಸಲಿಲ್ಲ, ಏಳು ವರ್ಷ ಇಟ್ಟುಕೊಂಡೆ. ಅದು ಬೇರೆ ವಿಷಯ.

ನಿಯಮದ ಪ್ರಕಾರ ಹೆರಿಗೆಯಾಗಿ 48 ಗಂಟೆಯೊಳಗೆ ವಂಕಿ ಹಾಕಬಹುದು. ಆದರೆ ಬಸುರಿಯಾಗಿದ್ದಾಗಲೇ ತಿಳಿಸಿ, ಒಪ್ಪಿಗೆ ಪಡೆದಿರಬೇಕು. ಬೇಡ ಅನಿಸಿದರೆ ಯಾವಾಗ ಬೇಕಾದರೂ ತೆಗೆಸಬಹುದು. "ಇನ್ನೂ ಆರು ತಿಂಗಳು ಇರಲಿ" ಅಂತ ಯಾರೂ ಒತ್ತಾಯಿಸುವಂತಿಲ್ಲ. ತಾಯಿ ಕಾರ್ಡು ಮಾಡಿಸುವಾಗಲೇ ನಿಮಗೆ ಬೇಕೋ ಬೇಡವೋ ಅಂತ ಬರೆಸಿಡಿ.

ನನಗೆ ಮೊದಲೇ ರಕ್ತ ಜಾಸ್ತಿ ಹೋಗುತ್ತೆ. ವಂಕಿ ಹಾಕಿಸಬಹುದಾ?

ತಾಮ್ರದ ವಂಕಿಯಿಂದ ಮೊದಲ ಮೂರರಿಂದ ಆರು ತಿಂಗಳು ಸ್ರಾವವೂ ನೋವೂ ಜಾಸ್ತಿಯಾಗುತ್ತದೆ. ನಮ್ಮಲ್ಲಿ ರಕ್ತ ಕಡಿಮೆ ಇರುವ ಹೆಂಗಸರೇ ಜಾಸ್ತಿ. ಹಾಗಾಗಿ ಮೊದಲು ಹಿಮೋಗ್ಲೋಬಿನ್ ನೋಡಿಸಿ. ತುಂಬಾ ಕಡಿಮೆ ಇದ್ದರೆ ಹಾರ್ಮೋನ್ ವಂಕಿ ಒಳ್ಳೆಯದು. ಅದು ಸ್ರಾವವನ್ನೇ ಕಡಿಮೆ ಮಾಡುತ್ತದೆ, ಕನಿಷ್ಠ ಐದು ವರ್ಷ ಬರುತ್ತದೆ. ಆದರೆ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು, ಅದೇ ಬೇಜಾರು.

ಇನ್ನೆರಡು ಉಚಿತವಾಗಿ ಸಿಗುತ್ತವೆ. ಅಂತರ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ. ಇದರಲ್ಲಿ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಕೆಟ್ಟ ರಕ್ತ ಒಳಗೆ ಕಟ್ಟಿಕೊಂಡಿದೆ ಅಂತ ಹೆದರಬೇಡಿ, ಒಳಗೆ ಪದರವೇ ಬೆಳೆಯದಿದ್ದಾಗ ಹೊರಗೆ ಬರಲು ಏನೂ ಇರುವುದಿಲ್ಲ. ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಲಕ್ನೋದ ಸರ್ಕಾರಿ ಸಂಶೋಧನಾಲಯದಲ್ಲಿ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಸಂತೆಯ ದಿನ ನುಂಗುವ ಅಭ್ಯಾಸ ಮಾಡಿಕೊಂಡವರು ಮರೆಯುವುದು ಕಡಿಮೆ.

ಆಪರೇಷನ್ನೇ ಮಾಡಿಸಿದರೆ ಏನು ತೊಂದರೆ? ಎಲ್ಲರೂ ಮಾಡಿಸಿದ್ದಾರಲ್ಲ?

ಹೌದು, ಎಲ್ಲರೂ ಮಾಡಿಸಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 57 ಮಂದಿಗೆ ಈ ಆಪರೇಷನ್ ಆಗಿದೆ. ದೇಶದ ಸರಾಸರಿ 38ರ ಹತ್ತಿರ.

ಆಪರೇಷನ್ ಕೆಟ್ಟದ್ದಲ್ಲ. ಮಕ್ಕಳು ಸಾಕು ಅಂತ ಮನಸ್ಸು ಗಟ್ಟಿ ಇರುವವರಿಗೆ ಒಳ್ಳೆಯದೇ. ಹೆರಿಗೆಯಾಗಿ ಏಳು ದಿನದೊಳಗೆ ಮಿನಿಲ್ಯಾಪ್, ಅಂದರೆ ಹೊಟ್ಟೆಯಲ್ಲಿ ಸಣ್ಣದಾಗಿ ಕೊಯ್ದು ಟ್ಯೂಬ್ ಕಟ್ಟುವ ಆಪರೇಷನ್ ಮಾಡುತ್ತಾರೆ, ಮೂರು ಸೆಂಟಿಮೀಟರಿನಷ್ಟು ಗಾಯ. ಬೇರೆ ಸಮಯದಲ್ಲಿ ಮುಟ್ಟು ಶುರುವಾಗಿ ಏಳು ದಿನದೊಳಗೆ, ದುರ್ಬೀನು ಹಾಕಿ ಟ್ಯೂಬಿಗೆ ಉಂಗುರ ತೊಡಿಸುತ್ತಾರೆ. ಎರಡು ದಿನ ಬಿಟ್ಟು ಸಣ್ಣಪುಟ್ಟ ಕೆಲಸ ಮಾಡಬಹುದು. ಸೊಪ್ಪಿನ ಹೊರೆ, ದರಗಿನ ಬುಟ್ಟಿ, ನೀರಿನ ಕೊಡ ಎರಡು ವಾರ ಮುಟ್ಟಬೇಡಿ. ಇದನ್ನು ಅತ್ತೆಯ ಎದುರೇ ನಾನು ಹೇಳುತ್ತೇನೆ.

ನನಗೆ ಭಯ ಇರುವುದು ಅವಸರದ ಬಗ್ಗೆ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ನಿಯಮದಂತೆ ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪುಗಳನ್ನೇ ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಿತು. ನೀವು ಹೋದ ಕಡೆ ಸಾಲು ಹಚ್ಚಿ ಮಲಗಿಸಿದ್ದರೆ, ಏನೂ ವಿವರಿಸದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರೆ, ಬೇಡ ಅಂತ ಎದ್ದು ಬರುವ ಹಕ್ಕು ಕೊನೇ ನಿಮಿಷದವರೆಗೂ ನಿಮಗಿದೆ.

ಆಪರೇಷನ್ ಆದಮೇಲೂ ಬಸುರಾಗಬಹುದಾ?

ಅಪರೂಪಕ್ಕೆ ಆಗಬಹುದು. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಹತ್ತು ವರ್ಷದ ಅವಧಿಗೆ ಸಾವಿರಕ್ಕೆ 18ರಷ್ಟು ಅಂತ ಕಂಡಿತ್ತು. ಹಾಗಾದಾಗ ಗರ್ಭ ಟ್ಯೂಬಿನಲ್ಲೇ ನಿಲ್ಲುವ ಸಂಭವ ಹೆಚ್ಚು. ಟ್ಯೂಬ್ ಒಡೆದರೆ ಜೀವಕ್ಕೇ ಅಪಾಯ. ಮುಟ್ಟು ತಪ್ಪಿ, ಒಂದು ಬದಿಗೆ ಹೊಟ್ಟೆ ನೋವು ಬಂದು, ತಲೆ ಸುತ್ತಿದರೆ ರಾತ್ರಿಯಾದರೂ ಸರಿ, ಹೊರಡಿ. ಆಪರೇಷನ್ ಸೋತು ಬಸುರಾದರೆ ಗರ್ಭಪಾತ ಕಾನೂನುಬದ್ಧ. ಸರ್ಕಾರದಿಂದ ಪರಿಹಾರವೂ ಉಂಟು, ಅದಕ್ಕೆ ಆಪರೇಷನ್ ಸರ್ಟಿಫಿಕೇಟ್ ಬೇಕು. ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಇಡಿ. ಹೀಗೆ ಬಸುರಾದಾಗ ಹೆಂಡತಿ ಮೇಲೆ ಬರುವ ಅನುಮಾನವನ್ನೂ ನೋಡಿದ್ದೇನೆ. ಆಪರೇಷನ್ ಸೋಲುವುದು ದೇಹದ ವಿಷಯ, ಶೀಲದ ವಿಷಯ ಅಲ್ಲ.

ಗಂಡಸರಿಗೆ ಕೊಯ್ಯದೆ ಮಾಡ್ತಾರಂತಲ್ಲ?

ಮಾಡುತ್ತಾರೆ! ಇದನ್ನು ಕೇಳುವವರು ಕಡಿಮೆ, ಕೇಳಿದಾಗ ನನಗೆ ಖುಷಿಯಾಗುತ್ತದೆ. ಎನ್‌ಎಸ್‌ವಿ, ಅಂದರೆ ಬ್ಲೇಡ್ ಮುಟ್ಟಿಸದ ವ್ಯಾಸೆಕ್ಟಮಿ. 1974ರಲ್ಲಿ ಚೀನಾದ ಡಾಕ್ಟರ್ ಲಿ ಶುನ್‌ಚಿಯಾಂಗ್ ರೂಪಿಸಿದ್ದು. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಒಂದು ಸಣ್ಣ ತೂತು, ಹೊಲಿಗೆ ಇಲ್ಲ. ಹತ್ತು ಇಪ್ಪತ್ತು ನಿಮಿಷದಲ್ಲಿ ಮುಗಿದು, ಅವರೇ ನಡೆದುಕೊಂಡು ಮನೆಗೆ ಹೋಗಬಹುದು. ಹೆಂಗಸರ ಆಪರೇಷನ್ನಿಗಿಂತ ಸುಲಭ, ಅಪಾಯ ಕಡಿಮೆ. ಆದರೂ ಮೇಲೆ ಹೇಳಿದ 2019-21ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದಲ್ಲಿ ಇದನ್ನು ಮಾಡಿಸಿದವರು ನೂರಕ್ಕೆ ಒಬ್ಬರೂ ಇಲ್ಲ.

"ನಮ್ಮೋರು ಮರ ಹತ್ತೋರು ಸಿಸ್ಟರ್, ಶಕ್ತಿ ಹೋದರೆ?" ಅನ್ನುತ್ತಾರೆ. ಶಕ್ತಿಗೂ ಇದಕ್ಕೂ ಸಂಬಂಧ ಇಲ್ಲ. ಬೀಜದ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಕಟ್ಟುವುದು ವೀರ್ಯಾಣು ಬರುವ ನಾಳವನ್ನು ಮಾತ್ರ. ಗಂಡಸುತನ, ಆಸೆ, ಗಡ್ಡ ಮೀಸೆ ಎಲ್ಲ ಇದ್ದ ಹಾಗೇ ಇರುತ್ತದೆ. ಎರಡು ದಿನ ಬಿಟ್ಟು ಸಾಧಾರಣ ಕೆಲಸ, ಒಂದು ವಾರ ಮರ ಹತ್ತುವುದು, ಸೈಕಲ್ ಬೇಡ. ಕೊನೆ ಕೊಯ್ಲು ಮುಗಿದ ಮೇಲೆ ಮಾಡಿಸಿದರೆ ಕೆಲಸವೂ ಕೆಡುವುದಿಲ್ಲ. ಮುಖ್ಯವಾದ ಮಾತು: ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಅಂತ ಖಾತ್ರಿಯಾದ ಮೇಲೆಯೇ ನಿಶ್ಚಿಂತೆ.

ನಾಟಿ ಮದ್ದು?

ನಾಟಿ ವೈದ್ಯರ ಮೇಲೆ ನನಗೆ ಗೌರವ ಇದೆ. ಆದರೆ ಬೇರು ತಿಂದು ಶಾಶ್ವತವಾಗಿ ಮಕ್ಕಳಾಗದಂತೆ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಒಳಗೆ ಬೇರು, ಕಡ್ಡಿ ಇಡಿಸಿಕೊಳ್ಳುವುದಂತೂ ಖಂಡಿತ ಬೇಡ. ನಂಜಾಗಿ ಜೀವ ಹೋಗಬಹುದು.

ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಮುಟ್ಟು, ಬಸುರು ಎರಡೂ ಕಾಟ ತಪ್ಪುತ್ತಲ್ಲ?

ದಯವಿಟ್ಟು ಬೇಡ. ಅದು ದೊಡ್ಡ ಆಪರೇಷನ್, ಮಕ್ಕಳಾಗದಂತೆ ತಡೆಯಲು ಅದನ್ನು ಮಾಡುವುದಿಲ್ಲ. ಅಂಡಾಶಯ ಉಳಿಸಿದರೂ ಕೆಲವರಿಗೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು ಬೇಗ ಶುರುವಾಗುತ್ತವೆ. ಅಂಡಾಶಯವನ್ನೂ ತೆಗೆದರೆ ಮೂವತ್ತೈದಕ್ಕೇ ಮೂಳೆ ಸವೆತ, ಮೈ ಬಿಸಿ ಏರುವುದು. ಸ್ರಾವ ಜಾಸ್ತಿ ಇದ್ದರೆ ಅದಕ್ಕೆ ಬೇರೆ ಮದ್ದಿದೆ. ಒಬ್ಬ ಡಾಕ್ಟರ್ ತೆಗೆಸಿ ಅಂದರೆ ಇನ್ನೊಬ್ಬರನ್ನೂ ಕೇಳಿ.

ಗಂಡನ ಸಹಿ ಬೇಕಾ?

ಬೇಡ. ವಂಕಿಗೂ ಬೇಡ, ಇಂಜೆಕ್ಷನ್ನಿಗೂ ಬೇಡ, ಆಪರೇಷನ್ನಿಗೂ ಬೇಡ. ನಿಮ್ಮ ಒಪ್ಪಿಗೆ ಸಾಕು. ಆಪರೇಷನ್ನಿಗೆ ಸರ್ಕಾರದ ನಿಯಮ ಕೇಳುವುದು ಮದುವೆಯಾಗಿರಬೇಕು, ವಯಸ್ಸು 22ರಿಂದ 49ರೊಳಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು ಅಂತ. ಕುಟುಂಬ ಯೋಜನೆ ನಮಗೆ ಹೊಸ ವಿಷಯವೂ ಅಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಒಪ್ಪಿಗೆ ಕೊಟ್ಟಿತ್ತು, ಶಿವಮೊಗ್ಗ ಆಗ ಅದೇ ಸಂಸ್ಥಾನದಲ್ಲಿತ್ತು. ಸುಮಾರು ನೂರು ವರ್ಷ ಆಗುತ್ತಾ ಬಂತು, ಇನ್ನೂ ಸಹಿ ಕೇಳುವವರಿದ್ದಾರೆ.

ಎಲ್ಲಿಗೆ, ಯಾವಾಗ ಹೋಗಬೇಕು?

ಮೊದಲು ನಿಮ್ಮ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿ. ವಂಕಿ, ಅಂತರ, ಛಾಯಾ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಆಪರೇಷನ್ನಿಗೆ ತಾಲ್ಲೂಕು ಆಸ್ಪತ್ರೆ, ಕಷ್ಟದ ಕೇಸಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ವಂಕಿಯನ್ನು ಮುಟ್ಟಿನ ದಿನಗಳಲ್ಲಿ ಅಥವಾ ಮುಗಿದ ಕೂಡಲೇ ಹಾಕಿಸಿದರೆ ಬಸುರಿಲ್ಲ ಅನ್ನುವ ಖಾತ್ರಿ ಇರುತ್ತದೆ.

ಸಾಧ್ಯವಾದರೆ ಮಳೆಗಾಲಕ್ಕೆ ಮೊದಲೇ ಮಾಡಿಸಿ. ತುಮರಿ ಕಡೆಯವರು ಮೊದಲೆಲ್ಲ ಲಾಂಚಿಗೆ ಕಾದು ಶರಾವತಿ ಹಿನ್ನೀರು ದಾಟಿ ಬರಬೇಕಿತ್ತು, 2025ರ ಜುಲೈನಲ್ಲಿ ಸೇತುವೆ ಆದಮೇಲೆ ಅವರಿಗೆ ಅನುಕೂಲವಾಗಿದೆ. ಆದರೆ ಒಳಗಿನ ಹಳ್ಳಿಗಳಲ್ಲಿ ಜೋರು ಮಳೆಗೆ ಮರ ಬಿದ್ದು ರಸ್ತೆ ಕಟ್ಟುವುದು, ನೆಟ್‌ವರ್ಕ್ ಹೋಗುವುದು ಇದ್ದೇ ಇದೆ. ವಂಕಿ ಹಾಕಿಸಿದ ಮೊದಲ ಆರು ವಾರದಲ್ಲಿ ಒಂದು ಸಲ ತೋರಿಸಿಕೊಂಡು ಬರಬೇಕು. ಹೋಗುವಾಗ ಹಳೇ ಚೀಟಿಗಳನ್ನೆಲ್ಲ ತನ್ನಿ, ಯಾವ ತಾರೀಕಿಗೆ ಮುಟ್ಟಾದಿರಿ ಅಂತ ನೆನಪಿಟ್ಟುಕೊಂಡು ಬನ್ನಿ. ಒಬ್ಬರೇ ಬರಲು ಮುಜುಗರ ಆದರೆ ಅಕ್ಕನನ್ನೋ ನಾದಿನಿಯನ್ನೋ ಕರೆದುಕೊಂಡು ಬನ್ನಿ, ಒಳಗೆ ಪರೀಕ್ಷೆ ಮಾಡುವಾಗಲೂ ಅವರು ಪಕ್ಕದಲ್ಲಿ ನಿಂತಿರಲಿ ಅಂತ ಕೇಳಬಹುದು.